ಸಲ್ಮಾನರ ಮನೆಯಾದರೆ ಉಣ್ಣುತ್ತಿದ್ದೆ

ನಮ್ಮ ಮಾಮು, ಅಂದರೆ ನನ್ನ ತಾಯಿಯ ಅಣ್ಣ, ಆ ದಿನ ಬೆಳಗಿನ ವಾಕಿಂಗ್ ಮುಗಿಸಿ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ನೇರವಾಗಿ ಅಡುಗೆಮನೆಗೆ ನುಗ್ಗಿದರು. ನಾನು ನೆಲದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಒಲೆಯ ಮುಂದಿದ್ದ ಮುಮಾನಿ, ಮಾಮುವಿನ ಹೆಂಡತಿ, ಸೌಟು ಹಿಡಿದುಕೊಂಡೇ ತಿರುಗಿದರು.

"ಮೇಷ್ಟ್ರು ನಮ್ಮ ಮನೇಲಿ ಉಣ್ತಾರೆ ಕಣೇ!"

"ಮೊದಲು ಚಪ್ಪಲಿ ಬಿಟ್ಬುಟ್ಟು ಬನ್ನಿ. ಯಾವ ಮೇಷ್ಟ್ರು?"

"ನಮಗಿರೋದು ಎಷ್ಟು ಜನ ಮೇಷ್ಟ್ರು? ಎದುರು ಮನೆಯವರು!"

ಮುಮಾನಿ ಒಲೆ ಆರಿಸಿದರು. ಒಲೆ ಆರಿಸಿ ಕೇಳುವಂಥ ಸುದ್ದಿಯೇ ಅದು.

ಎದುರು ಮನೆಯ ಮೇಷ್ಟ್ರು ಮತ್ತು ನಮ್ಮ ಮಾಮು ಮೈಸೂರಿನ ಅಗ್ರಹಾರದ ಇದೇ ಓಣಿಯಲ್ಲಿ ಗೋಲಿ ಆಡಿ ಬೆಳೆದವರು. ಮೇಷ್ಟ್ರ ತಾಯಿ ಜಗುಲಿಯಲ್ಲಿ ಹೂ ಕಟ್ಟುತ್ತ ಕೂತಾಗ ಮಾಮು ಅವರ ಮುಂದೆ ಕೂತು ಕನ್ನಡ ಕಲಿತರು. ಮುಂದೆ ಅದೇ ಜಗುಲಿಯಲ್ಲಿ, ಅದೇ ಅಜ್ಜಿಯಿಂದ ನಾನೂ ಕಲಿತೆ. ಹಾಗಾಗಿ ಷಿಯಾ ಮನೆತನದ ನಮ್ಮಿಬ್ಬರ ಬಾಯಲ್ಲೂ ಆ ಅಜ್ಜಿಯ ಕನ್ನಡವೇ ಇದೆ. ಇಷ್ಟೆಲ್ಲ ಬಳಕೆ ಇದ್ದರೂ ಮೇಷ್ಟ್ರು ನಮ್ಮ ಮನೆಯಲ್ಲಿ ಒಮ್ಮೆಯೂ ಉಂಡವರಲ್ಲ. ಅವರ ಮನೆಯ ಕಟ್ಟುಪಾಡು ಅಂಥದ್ದು. ನಮ್ಮಲ್ಲಿ ಮಾತ್ರವಲ್ಲ, ಸ್ವಂತ ಭಾವಮೈದುನನ ಮನೆಗೆ ಹೋದರೂ ನೀರಿನ ಬಾಟಲಿ ಜೊತೆಗೇ ಒಯ್ಯುತ್ತಾರೆ. ಹಬ್ಬಕ್ಕೆ ಕರೆದರೆ ತಪ್ಪದೆ ಬಂದು ಬಾಳೆಹಣ್ಣು, ಕಿತ್ತಳೆ, ಕಡಲೆಕಾಯಿ ತಿಂದು ಹೋಗುತ್ತಾರೆ. ಸಿಪ್ಪೆ ಇರುವುದೆಲ್ಲ ಅವರಿಗೆ ಆಗುತ್ತದೆ.

ಮಾಮು ಇದನ್ನು ಎಂದೂ ಬೇಸರವೆಂದು ಹೇಳಿಕೊಂಡವರಲ್ಲ. ಆದರೆ ಮನೆಯಲ್ಲಿ ಏನಾದರೂ ರುಚಿಯಾಗಿ ಆದ ದಿನ, ತುತ್ತು ಕೈಯಲ್ಲಿ ಹಿಡಿದು ಕಿಟಕಿಯಿಂದ ಎದುರು ಬಾಗಿಲ ಕಡೆ ಒಂದು ಗಳಿಗೆ ನೋಡುತ್ತಾರೆ. ಅದು ನಮಗೆಲ್ಲ ಗೊತ್ತು.

"ಏನಾಯ್ತು ಅಂತ ಸರಿಯಾಗಿ ಹೇಳಿ" ಎಂದರು ಮುಮಾನಿ.

ಆದದ್ದು ಇಷ್ಟು. ವಾಕಿಂಗ್‌ನಲ್ಲಿ ಮಾಮು ಎಂದಿನಂತೆ ಹಜ್ರತ್ ಸಲ್ಮಾನರ ವಿಷಯ ತೆಗೆದಿದ್ದಾರೆ. ಪ್ರವಾದಿಯವರ ಸಂಗಡಿಗರಲ್ಲಿ ನಾವು ಷಿಯಾಗಳು ಎಲ್ಲಕ್ಕಿಂತ ಮೇಲೆ ಕೂರಿಸುವವರಲ್ಲಿ ಸಲ್ಮಾನರು ಒಬ್ಬರು. ನಂಬಿಕೆಗೆ ಹತ್ತು ಮೆಟ್ಟಿಲುಗಳಿದ್ದರೆ ಹತ್ತನೆಯದರ ಮೇಲೆ ಅವರು ನಿಂತಿದ್ದರು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅದಕ್ಕೆ ಮಾಮು ತಮ್ಮದೊಂದು ಹೆಮ್ಮೆಯನ್ನೂ ಸೇರಿಸುತ್ತಾರೆ. ಸಲ್ಮಾನರು ಪರ್ಷಿಯಾದವರು, ನಮ್ಮ ಪೂರ್ವಿಕರೂ ಪರ್ಷಿಯಾದಿಂದ ಕುದುರೆ ಮಾರಿಕೊಂಡು ಬಂದವರು, ಆದ್ದರಿಂದ ಸಲ್ಮಾನರು "ನಮ್ಮೂರಿನವರು". ಮಾಮು ಸ್ವತಃ ಕಂಡಿರುವ ಪರದೇಶ ಊಟಿ.

ಒಣ ರೊಟ್ಟಿ, ಉಪ್ಪು, ಇಷ್ಟರಲ್ಲೇ ಬದುಕಿದ ಸಲ್ಮಾನರ ಊಟದ ವಿಷಯ ಕೇಳಿ ಮೇಷ್ಟ್ರು ನಡೆಯುವುದನ್ನು ನಿಲ್ಲಿಸಿ, "ಅಬ್ಬಾ, ಎಂಥಾ ಮನುಷ್ಯರು ಕಣ್ರೀ. ಅಂಥವರ ಮನೆಯಾದ್ರೆ ನಾನೂ ಉಣ್ತಿದ್ದೆ" ಅಂದರಂತೆ.

"ಅಷ್ಟೇನಾ?" ಎಂದರು ಮುಮಾನಿ. "ಅವರು ಹೇಳಿದ್ದು ಸಲ್ಮಾನರ ಮನೇಲಿ. ನಿಮ್ಮ ಮನೇಲಿ ಅಂದ್ರಾ?"

"ಬರೋ ಗುರುವಾರ ನಮ್ಮ ಮನೇನೇ ಸಲ್ಮಾನರ ಮನೆ. ಅವತ್ತು ಸಲ್ಮಾನರ ಗುಣ ಹೇಳ್ತೀನಿ, ಕನ್ನಡದಲ್ಲಿ. ಮುಗಿದ ಮೇಲೆ ಸಲ್ಮಾನರ ಊಟ. ಬಾರ್ಲಿ ರೊಟ್ಟಿ, ಉಪ್ಪು. ಬೇರೆ ಏನೂ ಇಲ್ಲ. ಅವರು ಬೇಡ ಅನ್ನೋಕೆ ಅದರಲ್ಲಿ ಏನಿದೆ ಹೇಳು?"

ಇಲ್ಲಿಂದ ಜಗಳ ಶುರುವಾಯಿತು. ಮಾಮು, ಮುಮಾನಿ ಪ್ರೀತಿಯ ಮಾತೆಲ್ಲ ಉರ್ದುವಿನಲ್ಲಿ ಆಡುತ್ತಾರೆ, ಜಗಳ ಮಾತ್ರ ಕನ್ನಡದಲ್ಲಿ. ಉರ್ದುವಿನಲ್ಲಿ ಜಗಳಕ್ಕೆ ಹೊರಟರೆ ಮರ್ಯಾದೆಯ ಮಾತುಗಳನ್ನು ದಾಟಿ ಬರುವಷ್ಟರಲ್ಲಿ ಕೋಪವೇ ಇಳಿದುಹೋಗುತ್ತದೆ ಎನ್ನುವುದು ಮುಮಾನಿಯ ಅನುಭವ. ಉದಯಗಿರಿ ಬಡಾವಣೆಯ ತರಕಾರಿ ಗಾಡಿಗಳ ಮುಂದೆ ಪಳಗಿದ ಅವರ ಕನ್ನಡಕ್ಕೆ ಆ ತೊಂದರೆ ಇಲ್ಲ.

"ರಜಬ್ ತಿಂಗಳು ಕಣ್ರೀ! ಊರೆಲ್ಲ ಖೀರು ಪೂರಿ ಮಾಡಿ ಹಂಚೋವಾಗ ನಾನು ಒಣ ರೊಟ್ಟಿ ಇಡ್ಲಾ? ಅದೂ ಇಷ್ಟು ವರ್ಷಕ್ಕೆ ಮೊದಲ ಸಲ ಉಣ್ಣೋಕೆ ಬರೋರ ಮುಂದೆ? ನನ್ನ ಕೈಗೆ ಏನಾಗಿದೆ ಅಂತ ಕೇಳಲ್ವಾ ಜನ?"

"ಕೇಳಿದ್ರೆ ಸಲ್ಮಾನರ ಹೆಸರು ಹೇಳು."

"ಸಲ್ಮಾನರ ಹೆಸರು ಹೇಳಿ ಮಾಡೋ ಅಡುಗೆಗೆ ಬೈಸ್ಕೊಳೋದು ನಾನು!"

ಬಾರ್ಲಿ, ಅಂದರೆ ನಮ್ಮ ಜವೆಗೋಧಿ, ತರುವ ಕೆಲಸ ನನ್ನ ಪಾಲಿಗೆ ಬಂತು. ಮೈಸೂರಿನಲ್ಲಿ ಜವೆಗೋಧಿಯನ್ನು ಜ್ವರ ಬಂದವರು ಗಂಜಿಗೆ ಕೊಳ್ಳುತ್ತಾರೆ, ಇಲ್ಲದಿದ್ದರೆ ಹೋಮ ಮಾಡಿಸುವವರು. ಗ್ರಂಥಿಗೆ ಅಂಗಡಿಯಾತ ತಕ್ಕಡಿ ಕೈಯಲ್ಲಿ ಹಿಡಿದು, "ಯಾರಿಗಮ್ಮ ಹುಷಾರಿಲ್ಲ?" ಎಂದ. ಎಲ್ಲರೂ ಚೆನ್ನಾಗಿದ್ದಾರೆ, ಮನೆಯಲ್ಲಿ ನೆಂಟರ ಊಟ ಎಂದೆ. ಅವನು ನನ್ನನ್ನು ಬಹಳ ಕನಿಕರದಿಂದ ನೋಡಿ ಪೊಟ್ಟಣ ಕಟ್ಟಿದ. ಹಿಟ್ಟಿನ ಮಿಲ್ಲಿನವನಿಗೆ ಕನಿಕರವೂ ಇರಲಿಲ್ಲ. "ಇಷ್ಟೇ ಇಷ್ಟಕ್ಕೆ ಬೇರೆ ಹಾಕೋಕಾಗಲ್ಲ ಕಣಕ್ಕ. ರಾಗಿ ಓಡ್ತಾ ಇದೆ, ಅದರ ಹಿಂದೇನೇ ಹಾಕ್ತೀನಿ" ಎಂದು ಹಾಕಿಯೇಬಿಟ್ಟ. ಮನೆಗೆ ಬಂದು ಬಿಚ್ಚಿದರೆ ಹಿಟ್ಟಿನ ಬಣ್ಣ ನೋಡಿ ಮಾಮು ಮಂಕಾದರು.

"ಪರ್ಷಿಯಾದ ರೊಟ್ಟಿ ಮಂಡ್ಯದ ಕಡೆಯಿಂದ ಬಂದ ಹಾಗಿದೆಯಲ್ಲಮ್ಮ."

ರಾತ್ರಿ ಊಟದ ಮುಂಚೆ ನನ್ನ ಮುಂದೆ ತಮ್ಮ ಭಾಷಣ ಒಪ್ಪಿಸುತ್ತಿದ್ದರು. ನಮ್ಮ ನೆಂಟರಿಷ್ಟರಿಗೆ ಪ್ರತಿ ಗುರುವಾರ ಉರ್ದುವಿನಲ್ಲಿ, ನಡುನಡುವೆ ಪಾರಸಿ ಸೇರಿಸಿ ಕಥೆ ಹೇಳುವುದು ಅವರ ರೂಢಿ. ಪಾರಸಿ ಬಂದಾಗಲೆಲ್ಲ ಎಳೆಯರು ಮೊಬೈಲು ನೋಡುವುದು, ಹಿರಿಯರು ತೂಕಡಿಸುವುದು ರೂಢಿ. ಈ ಸಲ ಕನ್ನಡವೆಂದ ಮೇಲೆ ಮಾಮುವಿಗೆ ಅಜ್ಜಿಯ ಮಾತುಗಳೇ ಒದಗಿ ಬಂದವು. ಸಲ್ಮಾನರು ಮದಾಯಿನ್ ಪಟ್ಟಣದ ಆಡಳಿತ ನೋಡಿಕೊಳ್ಳಲು ಹೋದದ್ದನ್ನು "ಅಮಲ್ದಾರರಾಗಿ ಹೋದರು" ಎಂದರು. ನಾನು ತಿದ್ದಲಿಲ್ಲ. ಅದನ್ನು ಕೇಳಿ ನನಗೂ ಸಲ್ಮಾನರು ನಮ್ಮ ತಾಲ್ಲೂಕು ಕಚೇರಿಯ ಮೆಟ್ಟಿಲಿಳಿದು ಬರುತ್ತಿರುವಂತೆ ಕಂಡಿತು.

ಗುರುವಾರ ಸಂಜೆ ಹಜಾರದಲ್ಲಿ ಜಮಖಾನ ಹಾಸಿದೆವು. ಕಥೆ ಹೇಳುವವರು ಕೂರುವ ಮರದ ಮೆಟ್ಟಿಲ ಪೀಠಕ್ಕೆ ಶೋಕದ ಕರಿಯ ಬಟ್ಟೆ ತೆಗೆದು ಸಂತೋಷದ ಹಸಿರು ಹೊದಿಸಿದೆವು. ಗಂಡಸರು ಹಜಾರದಲ್ಲಿ, ಹೆಂಗಸರು ಒಳಗಿನ ಕೋಣೆಯಲ್ಲಿ, ನಡುವೆ ಒಂದು ಪರದೆ. ನೆಂಟರೆಲ್ಲ ನಗುನಗುತ್ತ ಬಂದರು. ಊಟಕ್ಕೆ ಏನಿದೆ ಎನ್ನುವ ಸುದ್ದಿ ಹೇಗೋ ಹರಡಿತ್ತು, ಎಲ್ಲರೂ ಮನೆಯಲ್ಲೇ ಉಂಡು ಬಂದಿದ್ದರು. ನನ್ನ ತಂದೆಯ ತಂಗಿಯ ಬಾಯಿಂದ ಬಿರಿಯಾನಿಯ ಏಲಕ್ಕಿ ವಾಸನೆ ಬರುತ್ತಿತ್ತು.

ಆಮೇಲೆ ಮೇಷ್ಟ್ರು ಬಂದರು. ಇಸ್ತ್ರಿ ಪಂಚೆ, ಹೆಗಲ ಮೇಲೆ ಶಲ್ಯ. ಹಿಂದೆಯೇ ಅವರ ಹೆಂಡತಿ ಮೇಷ್ಟ್ರಮ್ಮ, ಕೈಯಲ್ಲಿ ಒಂದು ಕ್ಯಾರಿಯರ್, ಅದರ ಮೇಲೆ ಸೆರಗು. ಮೇಷ್ಟ್ರಮ್ಮ ಒಳಗೆ ಬಂದು ನನ್ನ ಪಕ್ಕ ಕೂತು ಕಿವಿಯಲ್ಲಿ ಕೇಳಿದರು:

"ಏನಮ್ಮ, ಎಲ್ಲಾ ಸರಿಯಾಗಿದೀರಾ? ನಿಮ್ಮ ಮಾಮು ಒಣ ರೊಟ್ಟಿ ಊಟಕ್ಕೆ ಬನ್ನಿ ಅಂತ ಕರೆದಾಗ ನನ್ನ ಎದೆ ಧಸಕ್ ಅಂತು. ಮನೇಲಿ ಏನಾದ್ರೂ ತೊಂದರೆ ಇದ್ರೆ ನಮಗೆ ಹೇಳಬಾರ್ದಾ? ಅದಕ್ಕೇ ಒಂದಿಷ್ಟು ಸಾರು, ಪಲ್ಯ ತಂದೆ. ಯಾರಿಗೂ ಹೇಳ್ಬೇಡ."

"ತೊಂದರೆ ಏನೂ ಇಲ್ಲ ಮೇಷ್ಟ್ರಮ್ಮ, ಇದು ಸಲ್ಮಾನರ ಊಟ."

"ಆಯ್ತಮ್ಮ, ಹಾಗೇ ಅನ್ನು" ಎಂದು ನನ್ನ ಬೆನ್ನು ಸವರಿದರು.

ಅತ್ತ ಮುಮಾನಿ ಹಿಂದಿನ ಕೋಣೆಯ ಬಾಗಿಲು ಎಳೆದುಕೊಂಡು ಬಂದರು. ಅದರ ಹಿಂದೆ ಏನಿದೆ ಎಂದು ನನಗೆ ಗೊತ್ತಿತ್ತು, ಏಕೆಂದರೆ ದ್ರಾಕ್ಷಿ ಗೋಡಂಬಿ ಹುರಿದುಕೊಟ್ಟವಳು ನಾನೇ. ಹೊಚ್ಚಹೊಸ ಪಾತ್ರೆ, ಹೊಸ ಸೌಟು, ಶಾವಿಗೆ ಪಾಯಸ. ಮೊಟ್ಟೆಯ ನೆರಳೂ ಬೀಳದ ಒಲೆ ಬೇಕೆಂದು ಹಿತ್ತಿಲಿನಲ್ಲಿ ಬೇರೆ ಸ್ಟೌ ಹಚ್ಚಿ ಮಾಡಿದ್ದರು. ಮಾಮುವಿಗೆ ಗೊತ್ತಿರಲಿಲ್ಲ.

ಮಾಮು ಪೀಠ ಹತ್ತಿ ಶುರುಮಾಡಿದರು. ಪರ್ಷಿಯಾದ ಶ್ರೀಮಂತರ ಮನೆಯ ಮಗ ಸತ್ಯ ಹುಡುಕಿಕೊಂಡು ಮನೆ ಬಿಟ್ಟದ್ದು, ಗುರುವಿನಿಂದ ಗುರುವಿಗೆ ಅಲೆದದ್ದು, ದಾರಿಯಲ್ಲಿ ಮೋಸ ಹೋಗಿ ಗುಲಾಮನಾಗಿ ಮಾರಾಟವಾದದ್ದು, ಕೊನೆಗೆ ಮದೀನಾದಲ್ಲಿ ಪ್ರವಾದಿಯವರನ್ನು ಕಂಡದ್ದು. ಪ್ರವಾದಿಯವರ ಹೆಸರು ಬಂದಾಗ ನಮ್ಮಲ್ಲಿ ಎಲ್ಲರೂ ಒಟ್ಟಿಗೆ ದನಿಯೆತ್ತಿ ಸಲವಾತ್ ಹೇಳುತ್ತೇವೆ, ಅವರಿಗೂ ಅವರ ಮನೆತನಕ್ಕೂ ದೇವರ ಕೃಪೆ ಕೋರುತ್ತೇವೆ. ಆ ಸದ್ದಿಗೆ ಮೇಷ್ಟ್ರು ಮೊದಲ ಸಲ ಕೂತಲ್ಲೇ ಹಾರಿದರು. ಮುಂದಿನ ಸಲಕ್ಕೆ ಕೈಮುಗಿದರು. ಅದರ ಮುಂದಿನ ಸಲ ಎಲ್ಲರೂ ಮುಗಿಸಿದ ಮೇಲೆ ಒಬ್ಬರೇ "ಹೌದು ಹೌದು" ಎಂದರು.

"ಶತ್ರುಗಳು ಊರಿನ ಮೇಲೆ ಬಂದಾಗ ಸುತ್ತ ಕಂದಕ ತೋಡೋಣ ಅಂದವರು ಸಲ್ಮಾನರು" ಎಂದರು ಮಾಮು. "ಅಗೆಯೋಕೆ ಗುಂಪು ಮಾಡಿದರು. ಮಕ್ಕಾ ಬಿಟ್ಟು ಬಂದವರು, ಸಲ್ಮಾನರು ನಮ್ಮವರು, ನಮ್ಮ ಗುಂಪಿಗೆ ಬರಲಿ ಅಂದರು. ಮದೀನಾದವರು, ಇಲ್ಲ ಇಲ್ಲ, ನಮ್ಮವರು ಅಂದರು. ಆಗ ಪ್ರವಾದಿಯವರು, ಸಲ್ಮಾನರು ನಮ್ಮ ಮನೆಯವರು ಅಂದುಬಿಟ್ಟರು. ರಕ್ತಸಂಬಂಧ ಇಲ್ಲ, ಊರು ಬೇರೆ, ಭಾಷೆ ಬೇರೆ. ಆದರೂ ಮನೆಯವರು!"

ಪರದೆಯ ಸಂದಿಯಲ್ಲಿ ನೋಡಿದೆ. ಇದನ್ನು ಹೇಳುವಾಗ ಮಾಮು ಸಭೆಯನ್ನು ನೋಡುತ್ತಿರಲಿಲ್ಲ, ಮೇಷ್ಟ್ರನ್ನೇ ನೋಡುತ್ತಿದ್ದರು. ಮೇಷ್ಟ್ರು ಶಲ್ಯದ ಅಂಚಿನಲ್ಲಿ ಕನ್ನಡಕ ಒರೆಸಿಕೊಂಡರು.

ಮುಂದೆ ಅಮಲ್ದಾರರ ಕಥೆ. ಬಂದ ಸಂಬಳವನ್ನೆಲ್ಲ ದಾನ ಕೊಟ್ಟು, ಖರ್ಜೂರದ ಗರಿಯಲ್ಲಿ ಬುಟ್ಟಿ ಹೆಣೆದು ಮಾರಿ ಹೊಟ್ಟೆ ಹೊರೆಯುತ್ತಿದ್ದರು. ಒಮ್ಮೆ ಪರವೂರಿನವನೊಬ್ಬ ಅವರ ಒರಟು ಬಟ್ಟೆ ನೋಡಿ ಕೂಲಿಯೆಂದುಕೊಂಡು ಮೂಟೆ ಹೊರಿಸಿದ. ದಾರಿಯಲ್ಲಿ ಜನ ಸಲಾಂ ಮಾಡುವುದನ್ನು ಕಂಡು ಇವರೇ ಊರಿನ ಅಧಿಕಾರಿ ಎಂದು ತಿಳಿದು ನಡುಗಿದ. ನಿನ್ನ ಮನೆ ಮುಟ್ಟುವವರೆಗೆ ಇಳಿಸೋದಿಲ್ಲ ಎಂದು ಸಲ್ಮಾನರು ಹೊತ್ತುಕೊಂಡೇ ನಡೆದರು.

"ಗ್ಯಾಸ್ ಸಿಲಿಂಡರ್ ಒಳಗೆ ತಂದಿಡಿ ಅಂದ್ರೆ ಮಾತ್ರ ಇವರಿಗೆ ಸೊಂಟ ಹಿಡಿಯುತ್ತೆ" ಎಂದು ಮುಮಾನಿ ಮೇಷ್ಟ್ರಮ್ಮನ ಕಿವಿಯಲ್ಲಿ ಹೇಳಿದರು. ಮೇಷ್ಟ್ರಮ್ಮ ಸೆರಗು ಬಾಯಿಗೆ ತುರುಕಿಕೊಂಡರು.

ಕಡೆಗೆ ಮಾಮು ಊಟದ ಕಥೆಗೆ ಬಂದರು. ಸಲ್ಮಾನರ ಪ್ರಾಣಸ್ನೇಹಿತರು ಹಜ್ರತ್ ಅಬೂದರ್. ಒಂದು ದಿನ ಅವರನ್ನು ಊಟಕ್ಕೆ ಕರೆದು, ಇದ್ದ ಒಣ ರೊಟ್ಟಿಯನ್ನೇ ನೀರಿನಲ್ಲಿ ನೆನೆಸಿ ಸಲ್ಮಾನರು ಮುಂದಿಟ್ಟರು. ರೊಟ್ಟಿ ಎಷ್ಟು ಚೆನ್ನಾಗಿದೆ, ಜೊತೆಗೆ ಚೂರು ಉಪ್ಪಿದ್ದಿದ್ದರೆ ಎಂದರು ಅಬೂದರ್. ಸಲ್ಮಾನರು ಎದ್ದುಹೋಗಿ ಮನೆಯಲ್ಲಿದ್ದ ಒಂದೇ ಹೂಜಿಯನ್ನು ಅಡವಿಟ್ಟು ಉಪ್ಪು ತಂದರು. ಉಂಡು ತೃಪ್ತರಾದ ಅಬೂದರ್, ಇದ್ದುದರಲ್ಲೇ ತೃಪ್ತಿಪಡುವ ಗುಣ ಕೊಟ್ಟ ದೇವರಿಗೆ ಸ್ತೋತ್ರ ಎಂದಾಗ ಸಲ್ಮಾನರು, ಆ ಗುಣ ಇದ್ದಿದ್ದರೆ ನನ್ನ ಹೂಜಿ ಅಡಮಾನಕ್ಕೆ ಹೋಗುತ್ತಿರಲಿಲ್ಲ ಎಂದರಂತೆ.

ಹಜಾರವೆಲ್ಲ ನಕ್ಕಿತು. ಒಳಗೆ ಮಾತ್ರ ಇಬ್ಬರು ನಗಲಿಲ್ಲ. ಮೇಷ್ಟ್ರಮ್ಮ ಕ್ಯಾರಿಯರನ್ನು ಮೆಲ್ಲಗೆ ಕಾಲಿನಿಂದ ಮಂಚದಡಿಗೆ ತಳ್ಳಿದರು. ಮುಮಾನಿ ಹೋಗಿ ಹಿಂದಿನ ಕೋಣೆಯ ಚಿಲಕ ಹಾಕಿಬಂದರು.

ಊಟಕ್ಕೆ ಕೂತರು. ಉದ್ದಕ್ಕೆ ಬಿಳಿ ಬಟ್ಟೆ ಹಾಸಿ ಒಬ್ಬೊಬ್ಬರ ಮುಂದೆ ಒಂದೊಂದು ರೊಟ್ಟಿ, ಒಂದು ಚಿಟಿಕೆ ಉಪ್ಪು. ರೊಟ್ಟಿಯ ವಿಷಯ ಏನು ಹೇಳಲಿ. ಬಿಸಿಯಲ್ಲಿ ಪರವಾಗಿರಲಿಲ್ಲ, ಆದರೆ ಮಾಮು ಸಂಜೆಯೆಲ್ಲ ಮಾತಾಡಿದ್ದರು, ಅದು ಆರಿ ಮಂಗಳೂರು ಹೆಂಚಿನಂತಾಗಿತ್ತು. ಮೇಷ್ಟ್ರಿಗೆಂದು ಬಾಳೆಯೆಲೆ ಹಾಕಿದ್ದೆವು. ಮಾಮು ಎದುರಿಗೆ ಕೂತರು, ತಮ್ಮ ರೊಟ್ಟಿ ಮುಟ್ಟಲಿಲ್ಲ.

ಮೇಷ್ಟ್ರು ರೊಟ್ಟಿ ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು. ಹಿಂದೆ ನೋಡಿದರು, ಮುಂದೆ ನೋಡಿದರು. ಬಾಯಿಯವರೆಗೆ ಒಯ್ದರು. ಮತ್ತೆ ಎಲೆಯ ಮೇಲಿಟ್ಟರು.

ಉಂಡು ಬಂದಿದ್ದ ನೆಂಟರೆಲ್ಲ ಅಗಿಯುವಂತೆ ನಟಿಸುತ್ತಿದ್ದವರು ಅದನ್ನೂ ನಿಲ್ಲಿಸಿದರು. ಮಾಮುವಿನ ಮುಖ ನಾನು ನೋಡಲಾರದೆ ಹೋದೆ. ಕೊನೆಗೆ ಅವರೇ ಬಹಳ ಸಣ್ಣ ದನಿಯಲ್ಲಿ, "ಪರವಾಗಿಲ್ಲ ಮೇಷ್ಟ್ರೇ. ಮನಸ್ಸಿಗೆ ಒಪ್ಪದೇ ಇದ್ರೆ ಬೇಡ. ಬಾಳೆಹಣ್ಣು ತರಿಸ್ತೀನಿ" ಎಂದರು.

"ಅಯ್ಯೋ, ಮನಸ್ಸಿಗೆ ಏನಾಗಿದೆ ಸಾಹೇಬ್ರೇ?" ಎಂದರು ಮೇಷ್ಟ್ರು. "ಮನಸ್ಸು ಮಧ್ಯಾಹ್ನದಿಂದ ಒಪ್ಪಿಕೊಂಡು ಕೂತಿದೆ. ಸ್ನಾನ ಮಾಡಿ ದೇವರ ಮುಂದೆ ನಿಂತು ಹೇಳಿಯೇ ಬಂದಿದೀನಿ, ಇವತ್ತು ಎದುರು ಮನೇಲಿ ಊಟ ಅಂತ. ಒಪ್ಪದೇ ಇರೋದು ಹಲ್ಲು ಕಣ್ರೀ! ಹೊಸಾ ಸೆಟ್ಟು. ಡಾಕ್ಟ್ರು ಚಕ್ಕುಲಿ ಕೂಡ ಬೇಡ ಅಂದಿದಾರೆ. ಇದನ್ನ ಕಚ್ಚಿದ್ರೆ ಯಾವುದು ಮುರಿಯುತ್ತೋ ಗೊತ್ತಿಲ್ಲ." ಆಮೇಲೆ ಬಹಳ ಸಂಕೋಚದಿಂದ, "ರೊಟ್ಟಿ ಚೆನ್ನಾಗಿದೆ. ಜೊತೆಗೆ ಒಂಚೂರು ಸಾರು ಇದ್ದಿದ್ರೆ..." ಎಂದರು.

ಅಂದ ಮೇಲೆ ತಾವು ಅಂದದ್ದು ಏನೆಂದು ಅವರಿಗೇ ಹೊಳೆಯಿತು. ಕೈ ಬಾಯಿಗೆ ಅಡ್ಡ ಹಿಡಿದರು. ಮಾಮು ಅವರನ್ನೇ ನೋಡಿದರು, ನೋಡುತ್ತ ನೋಡುತ್ತ ಹೊಟ್ಟೆ ಕುಲುಕತೊಡಗಿತು. "ಎಲ್ಲಿದೆ ಕಣೇ ನನ್ನ ಹೂಜಿ?" ಎಂದು ಕೂಗಿದರು. ಹಜಾರ ಬಿದ್ದು ಬಿದ್ದು ನಕ್ಕಿತು.

ಒಳಗೆ ಅಷ್ಟರಲ್ಲಿ ಅನಾಹುತವಾಗಿತ್ತು. ಸಾರು ಎನ್ನುವ ಮಾತು ಕಿವಿಗೆ ಬೀಳುತ್ತಲೇ ಮೇಷ್ಟ್ರಮ್ಮ ಮಂಚದಡಿಗೆ ಬಗ್ಗಿದರು, ಮುಮಾನಿ ಹಿಂದಿನ ಕೋಣೆಗೆ ಓಡಿದರು. ಇಬ್ಬರೂ ಪರದೆಯ ಹತ್ತಿರ ಒಟ್ಟಿಗೆ ಬಂದರು, ಒಬ್ಬರ ಕೈಯಲ್ಲಿ ಕ್ಯಾರಿಯರ್, ಒಬ್ಬರ ಕೈಯಲ್ಲಿ ಹೊಸ ಪಾತ್ರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಇದೇನ್ರೀ ಮೇಷ್ಟ್ರಮ್ಮ? ನಮ್ಮ ಮನೆ ಊಟಕ್ಕೆ ಬುತ್ತಿ ಕಟ್ಕೊಂಡು ಬಂದ್ಬುಟ್ರಾ?"

"ನೀವೇನ್ರೀ ಮತ್ತೆ? ತೊಂದರೆಯಲ್ಲಿದೀರಿ ಅಂತ ನಾನು ರಾತ್ರಿಯೆಲ್ಲ ಸಂಕಟಪಟ್ರೆ, ಒಳಗೆ ಗೋಡಂಬಿ ಹಾಕಿ ಪಾಯಸ!"

"ಬನ್ನಿ, ಮೊದಲು ಆ ಸಾರು ಹಾಕಿ. ಪಾಪ, ಹಸಿದು ಕೂತವ್ರೆ."

"ನೀವು ಹಾಕಿ. ನಿಮ್ಮ ಮನೆ, ನಿಮ್ಮ ಎಲೆ."

ಮುಮಾನಿ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಹಜಾರಕ್ಕೆ ಹೋಗಿ ಮೇಷ್ಟ್ರಮ್ಮನ ಸಾರನ್ನು ಮೇಷ್ಟ್ರ ಎಲೆಯಲ್ಲಿದ್ದ ತಮ್ಮ ರೊಟ್ಟಿಯ ಮೇಲೆ ತಾವೇ ಸುರಿದರು. ರೊಟ್ಟಿ ಮೊದಲು ಒಪ್ಪಲಿಲ್ಲ, ಆಮೇಲೆ ಮೆತ್ತಗಾಯಿತು. ಮೇಷ್ಟ್ರು ಮುರಿದು, ಕಲಸಿ, ಮೊದಲ ತುತ್ತು ಬಾಯಿಗಿಟ್ಟರು. ಅಗಿದರು. ನುಂಗಿದರು.

ಮಾಮು ನೀರಿನ ಲೋಟವನ್ನು ಅವರ ಎಲೆಯ ಹತ್ತಿರ ಸರಿಸಿದರು.

ಪಾಯಸ ಬಂದಾಗ ಮೇಷ್ಟ್ರು ಹೊಸ ಪಾತ್ರೆಯನ್ನೂ ಹೊಸ ಸೌಟನ್ನೂ ನೋಡಿದರು, ಎಲ್ಲ ಅರ್ಥವಾಗಿರಬೇಕು, ತಲೆ ತಗ್ಗಿಸಿ ಎಲೆಗೆ ಹಾಕಿಸಿಕೊಂಡರು. ಎರಡನೆಯ ಸಲ ತಾವೇ ಕೇಳಿದರು. ಒಳಗೆ ಮೇಷ್ಟ್ರಮ್ಮ, "ಗುರುವಾರ ನನ್ನದು ಒಪ್ಪೊತ್ತು, ನಾನೇನೂ ಮುಟ್ಟಲ್ಲ" ಎಂದವರು, ಪಾಯಸ ಹಾಲಿನಲ್ಲಿ ಮಾಡಿದ್ದು, ಹಾಲು ಒಪ್ಪೊತ್ತಿಗೆ ನಡೆಯುತ್ತದೆ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ಲೋಟ ಚಾಚಿದರು. ಉಂಡು ಬಂದಿದ್ದ ನೆಂಟರೂ ಪಾಯಸಕ್ಕೆ ಹೊಟ್ಟೆಯಲ್ಲಿ ಜಾಗ ಮಾಡಿಕೊಂಡರು.

ಹೊರಡುವಾಗ ಮೇಷ್ಟ್ರು ಬಾಗಿಲಲ್ಲಿ ನಿಂತರು. "ಸಾಹೇಬ್ರೇ, ಮುಂದಿನ ಗುರುವಾರ ಯಾರ ಕಥೆ?"

"ಹಜ್ರತ್ ಮೀಸಮ್ ಅಂತ. ಪ್ರವಾದಿಯವರ ಅಳಿಯ ಮೌಲಾ ಅಲಿಯವರ ಸಂಗಡಿಗರು."

"ಅವರು ಏನು ತಿಂತಿದ್ರು? ಅದನ್ನ ಮೊದಲೇ ಹೇಳಿಬಿಡಿ."

"ಖರ್ಜೂರ ಮಾರ್ತಿದ್ರು."

"ಒಳ್ಳೇದಾಯ್ತು, ಮೆತ್ತಗಿರುತ್ತೆ. ಬರ್ತೀನಿ" ಎಂದು ಮೆಟ್ಟಿಲಿಳಿದವರು ಅರ್ಧಕ್ಕೇ ನಿಂತು ಒಳಗೆ ಕೇಳುವಂತೆ, "ಖರ್ಜೂರ ಅಂತ ಆ ಪಾಯಸ ಬಿಟ್ಬುಡಬೇಡಿ ಕಣಮ್ಮ" ಎಂದರು. ಮೇಷ್ಟ್ರಮ್ಮ ಅವರ ತೋಳು ಹಿಡಿದು ಎಳೆದುಕೊಂಡು ಹೋದರು.

ಎಲ್ಲರೂ ಹೋದ ಮೇಲೆ ನಾನು, ಮುಮಾನಿ ಬಟ್ಟೆ ಮಡಿಸತೊಡಗಿದೆವು. ಮಾಮು ಕೂತಲ್ಲೇ ಕೂತಿದ್ದರು. ಮುಂದೆ ಅವರ ರೊಟ್ಟಿ ಹಾಗೇ ಇತ್ತು. ಮುಮಾನಿ ಸಾರಿನ ಪಾತ್ರೆ ಹಿಡಿದು ಬಗ್ಗಿದಾಗ ಕೈ ಅಡ್ಡ ಹಿಡಿದರು. ಒಂದು ಚೂರು ಮುರಿದು, ಉಪ್ಪಿಗೆ ಒತ್ತಿ, ಬಾಯಿಗಿಟ್ಟು ಕಟಕಟ ಅಗಿಯತೊಡಗಿದರು. ಕಣ್ಣು ತುಂಬಿತ್ತು. ರೊಟ್ಟಿಯ ಗಟ್ಟಿಗೋ ಏನೋ.

"ಹೇಗಿದೆ?" ಎಂದರು ಮುಮಾನಿ.

"ಇಷ್ಟು ರುಚಿಯಾಗಿ ನೀನು ಇದುವರೆಗೆ ಏನೂ ಮಾಡಿರಲಿಲ್ಲ" ಎಂದರು ಮಾಮು. ಉರ್ದುವಿನಲ್ಲಿ ಹೇಳಿದರು.